ಕಿವಿಯ ಹತ್ತಿರ ಒಂದು ಮುಷ್ಟಿ

ಕಾಗದ ಬಂದದ್ದು ಮಂಗಳವಾರ.
ಭಟ್ಟಿಯ ಬೂದಿ ಹಾರಿ ಬಂದು ಅದರ ಮೇಲೆ ಕೂತಿತ್ತು,
ಓದುವ ಮೊದಲು ಸೆರಗಿನಿಂದ ಒರೆಸಿದೆ.

ಆಡಿಟರ್ ಆಫೀಸಿನ ವಿಶಾಲಾಕ್ಷಿ ಬಿಡಿಸಿ ಹೇಳಿದಳು:
ಕವರು ಎಷ್ಟು ದಪ್ಪ, ಯಾರು ಮಾಡಿದ್ದು,
ತಿಂದಾದ ಮೇಲೆ ಅದು ಎಲ್ಲಿಗೆ ಹೋಗುತ್ತೆ,
ಇನ್ನು ಇದಕ್ಕೆಲ್ಲ ನೀವೇ ಉತ್ತರ ಹೇಳಬೇಕು, ದಿಲ್ಶಾದಕ್ಕ.

ತಿಂದಾದ ಮೇಲೆ!
ಇಪ್ಪತ್ತೆರಡು ವರ್ಷ ಖಾರ ಮಂಡಕ್ಕಿ ತುಂಬಿದ್ದೇನೆ,
ಬೆಳ್ಳುಳ್ಳಿ ಎಷ್ಟು, ಶೇಂಗಾ ಎಷ್ಟು, ಕರಿಬೇವು ಯಾವಾಗ,
ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಿಯೇನು.
ತಿಂದಾದ ಮೇಲಿನದು ನನ್ನ ಲೆಕ್ಕದಲ್ಲಿ ಇರಲೇ ಇಲ್ಲ.
ಅದು ಗಾಳಿಯ ಲೆಕ್ಕ, ದನದ ಹೊಟ್ಟೆಯ ಲೆಕ್ಕ,
ಮಳೆ ಜೋರಾದಾಗ ನಮ್ಮ ಓಣಿಯ ಮೋರಿಯಲ್ಲಿ
ನನ್ನದೇ ಹೆಸರು ಹೊಳೆಯುತ್ತ ತೇಲಿ ಬರುವ ಲೆಕ್ಕ.

ಮಂಡಿಪೇಟೆಗೆ ಹೋದೆ.
ಕವರ್ ಮುರಿಗೆಪ್ಪ ನಾಲ್ಕು ಥರ ಹರವಿದರು.
ಬರಿ ಕಂದು ಕಾಗದ.
ಒಳಗೆ ಮೇಣ ಸವರಿದ ಕಾಗದ.
ಒಂದೇ ಪದರದ ದಪ್ಪ ಪ್ಲಾಸ್ಟಿಕ್ಕು, ಕರಗಿಸಿದರೆ ಮತ್ತೆ ಕೆಲಸಕ್ಕೆ ಬರುವಂಥದು.
ನಾಲ್ಕನೆಯದು ಜೋಳದಿಂದ ಮಾಡಿದ್ದಂತೆ, ಮಣ್ಣಲ್ಲಿ ಕರಗುತ್ತಂತೆ.
"ಎಷ್ಟು ದಿನಕ್ಕೆ?" ಅಂದೆ.
"ಅದನ್ನ ಹೂತವ್ರನ್ನ ಕೇಳ್ಬೇಕವ್ವಾ."

ಭಟ್ಟಿಯ ಮುಂದೆ ಬೆವರು ಹಿಂಡುತ್ತ ಚಮನ್‌ಸಾಬ್ ಮಾವ ಅಂದರು:
"ಮಂಡಕ್ಕಿಗೆ ಬೆಂಕಿ ತಾಯಿ, ಬೇಟಿ. ಹಸಿ ಗಾಳಿ ಸವತಿ."
ಕಾಯ್ದೆಗೆ ಇದು ಗೊತ್ತಿಲ್ಲ.
ಕಾಯ್ದೆ ಮಂಡಕ್ಕಿ ತಿಂದಿಲ್ಲ.

ಆರಿದ್ರಾ ಮಳೆಗೆ ಕಾದೆ.
ತೊಲೆಗೆ ಹಗ್ಗ ಕಟ್ಟಿ ನಾಲ್ಕೂ ಥರದ್ದನ್ನು ಸಾಲಾಗಿ ತೂಗುಹಾಕಿದೆ.
ದಿನಕ್ಕೆ ಒಂದೊಂದು ಒಡೆಯುವುದು,
ಮುಷ್ಟಿ ತುಂಬ ತೆಗೆದು ಮಾವನ ಕಿವಿಯ ಹತ್ತಿರ ಹಿಸುಕುವುದು.
ಮಾವ ಕಣ್ಣು ಮುಚ್ಚಿ ಕೇಳುವರು,
ಮಸೀದಿಯಲ್ಲೂ ಅಷ್ಟು ಸುಮ್ಮನೆ ಕೂತವರಲ್ಲ.

ಮೂರನೆಯ ದಿನ ಕಂದು ಕಾಗದ ಮೂಕವಾಯಿತು.
ಐದಕ್ಕೆ ಜೋಳದ್ದು ಗೊಣಗಿತು.
ಮೇಣದ್ದು ಒಂಬತ್ತರವರೆಗೆ ಮಾತಾಡಿತು.
ದಪ್ಪ ಪ್ಲಾಸ್ಟಿಕ್ಕು ಇಪ್ಪತ್ತು ಕಳೆದರೂ ವಟಗುಟ್ಟುತ್ತಲೇ ಇತ್ತು.
ವಿಶಾಲಾಕ್ಷಿ ಗೆರೆ ಎಳೆದು ಬರೆದಳು: ತಾರೀಖು, ಕವರು, ಸದ್ದು.
ಸದ್ದು ಅಂತ ಒಂದು ಕಲಂ
ಯಾವ ಲೆಡ್ಜರಿನಲ್ಲಿ ಕಂಡಿದ್ದೀರಿ?

ಹಳೆಯ ಕವರೊಂದನ್ನೂ ಜೊತೆಗೆ ಕಟ್ಟಿದ್ದೆ, ಹೋಲಿಸಲು.
ಅದನ್ನು ಕತ್ತರಿಸಿದಾಗ
ಮಂಡಕ್ಕಿಗಿಂತ ಮೊದಲು ಬಂದದ್ದು ಉಸ್ಸೆಂಬ ಉಸಿರು.
ಬೆರಳಿಟ್ಟು ಅಳೆದೆ. ಮೇಲಿನ ನಾಲ್ಕು ಬೆರಳು ಬರೀ ಗಾಳಿ.
ಉಬ್ಬಿದ್ದರೆ ಗಿರಾಕಿ ಕೈ ಹಾಕುತ್ತಾನೆ ಎಂದು
ನಾನೇ ಹೇಳಿ ಮಾಡಿಸಿದ್ದು.
ಇಷ್ಟು ವರ್ಷ
ಗಾಳಿಗೆ ಅಂಗಿ ಹೊಲಿಸಿದ್ದೇನೆ, ನನ್ನ ಖರ್ಚಿನಲ್ಲಿ.

ಹೊಸ ಕವರು ನಾಲ್ಕು ಬೆರಳು ಗಿಡ್ಡ.
ಊರೊಳಗಿನ ಅಂಗಡಿಗೆ ಮೇಣದ್ದು, ಒಂಬತ್ತು ದಿನ ಯಾರು ಬಿಡುತ್ತಾರೆ ಅದನ್ನ.
ಹೊಸಪೇಟೆ ಬಸ್ಸಿಗೆ ಏರುವುದಕ್ಕೆ ದಪ್ಪದ್ದು.
ಮಿರ್ಚಿ ಗಾಡಿಯ ಹನುಮಕ್ಕನಿಗೆ ನಂಬರು ಹೊಡೆದ ತಗಡಿನ ಡಬ್ಬ,
ನೂರು ರೂಪಾಯಿ ಠೇವಣಿ.
ಆರನೇ ನಂಬರು ಮುಚ್ಚಳ ಸೊಟ್ಟಾಗಿ ವಾಪಸ್ಸು ಬಂತು,
ಹದಿನಾಲ್ಕು ಬರಲೇ ಇಲ್ಲ.
"ಅದ್ರಾಗೆ ಅಕ್ಕಿ ಹಾಕೀನಿ ಕಣಕ್ಕ, ಬ್ಯಾರೆ ಕೊಡು" ಅಂದಳು ಹನುಮಕ್ಕ.
ಇರಲಿ. ಅದಂತೂ ಮೋರಿಗೆ ಬೀಳಲಿಲ್ಲ.

ಪ್ಯಾಕೆಟ್ಟಿಗೆ ಎಂಟಾಣೆ ಹೆಚ್ಚು ಬೀಳುತ್ತಿದೆ.
ಯಾರ ತಲೆಗೆ ಕಟ್ಟುವುದು, ಇನ್ನೂ ತಿಳಿದಿಲ್ಲ.

ಹಳೆಯ ಹೊಳಪಿನ ಕವರು ಮೂವತ್ತೊಂದು ಕೆಜಿ
ಅಟ್ಟದ ಮೇಲಿದೆ, ತುಂಬುವಂತಿಲ್ಲ, ಎಸೆಯುವಂತಿಲ್ಲ.
ಎರಡೆರಡು ಸಲ ಫೋನು ಮಾಡಿದ್ದೇನೆ,
ಒಯ್ಯುವವರು ಬರುತ್ತೇವೆ ಅಂದಿದ್ದಾರೆ.
ರಾತ್ರಿ ಹೆಂಚಿನ ಸಂದಿಯಿಂದ ಗಾಳಿ ಬಂದರೆ ಸರಸರ,
ಅಷ್ಟೂ ಕವರಿನ ಮೇಲಿನ ನನ್ನ ಹೆಸರನ್ನು
ಯಾರೋ ಮೆಲ್ಲಗೆ ಕೂಗಿದ ಹಾಗೆ.