ಲಮ್ಸ್‌ಡೆನ್‌ನಿಂದ ಎಂಬತ್ತು ಕಿಲೋಮೀಟರು

ಮಾತು ಕೇಳುವುದಿಲ್ಲ ಅಂತಲ್ಲ, ಅಂದಳು ಐಲ್ಸಾ,
ಹಿಂದಿನ ಸೀಟಿನವಳು ಆ ಹೊತ್ತಿಗೆ ಮಾತಾಡುವುದೇ ಇಲ್ಲ.
ಉಸಿರಾಡುತ್ತಾಳೆ.
ಎಳೆದದ್ದೆಷ್ಟು, ತಡೆದದ್ದೆಷ್ಟು,
ಬಿಟ್ಟದ್ದು ನರಳಿಯೋ ಹಲ್ಲು ಕಚ್ಚಿಯೋ,
ಅಷ್ಟು ಕೇಳಿಸಿದರೆ ಸಾಕು ನನಗೆ:
ಇನ್ವರ್‌ಕಾರ್ಗಿಲ್‌ವರೆಗೆ ಓಡಿಸುವುದೋ
ಇಲ್ಲೇ ಬೇಲಿಯ ಪಕ್ಕ ನಿಲ್ಲಿಸುವುದೋ.
ಗಂಡನನ್ನು ಕೇಳಿದರೆ ಎಲ್ಲ ಸರಿಯಿದೆ ಅನ್ನುತ್ತಾನೆ.
ಗಂಡಂದಿರು ಹಾಗೇ ಅನ್ನುತ್ತಾರೆ.

ಕೀ ಮೇಜಿನ ಮೇಲಿಟ್ಟು ನಡೆದೇ ಹೋದಳು.
ಜುಲೈ. ಟರ್ನಿಪ್ ಹೊಲದ ಮೇಲೆ ಬಿಳೀ ಹಿಮದ ಹೆಪ್ಪು,
ಕುರಿಗಳ ಬಾಯಿಂದ ಹೊಗೆ.

ನಾನೂ ರವಿರಿಯೂ ಹೊರಟೆವು.
ಅರವತ್ತಕ್ಕೆ ಗೊಣಗು, ಎಂಬತ್ತಕ್ಕೆ ಮೊರೆತ,
ನೂರಕ್ಕೆ ತಗಡಿನ ಡಬ್ಬಿಯಲ್ಲಿ ಜೇನುಗೂಡು.
ಸದ್ದು ಒಂದೇ ಅಂದುಕೊಂಡು ಹುಡುಕಬೇಡ, ಹುಡುಗಾ,
ಅದು ಕೂಡು ಕುಟುಂಬ;
ಎತ್ತರದ ದನಿಯವನು ಸುಮ್ಮನಾದ ಮೇಲೇ
ಮಿಕ್ಕವರ ಪಿಸುಮಾತು ಹೊರಬೀಳುವುದು.

ಮೊದಲು ಟೈರು. ಅಗ್ಗದ ಮಾಲು, ಕಲ್ಲಿನಂಥ ರಬ್ಬರು,
ಮೂವತ್ಮೂರಿರಬೇಕಾದ ಗಾಳಿ ನಲವತ್ತೆರಡು.
ಅಂಗೈಯಿಂದ ಸವರು: ಹೋಗುವಾಗ ನುಣುಪು,
ಬರುವಾಗ ಗರಗಸ. ಚಕ್ರದ ಸೊಟ್ಟ ನಡಿಗೆ
ರಬ್ಬರಿನ ಮೇಲೆ ಬರೆದಿಟ್ಟ ಚಾಡಿ ಅದು.
ನಾಲ್ಕೂ ಬದಲಿಸಿ ಚಕ್ರ ನೆಟ್ಟಗೆ ಮಾಡಿದೆವು.
ಜೇನು ಅರ್ಧ ಹಾರಿಹೋಯಿತು.

ಆಗ ಕೇಳಿಸಿತು ಬೇರಿಂಗು.
ಬಲಕ್ಕೆ ವಾಲಿದಾಗ ಹೂಂ... ಅನ್ನುತ್ತದೆ,
ಎಡಕ್ಕೆ ತಿರುಗಿದರೆ ಬಾಯಿ ಮುಚ್ಚುತ್ತದೆ.
ಹಾಗಾದರೆ ನೋವಿರುವುದು ಎಡಗಡೆ.
ರವಿರಿ ನಂಬಲಿಲ್ಲ, ಬಿಚ್ಚಿ ನೋಡಿ ನಂಬಿದ.

ಅದೂ ಹೋಯಿತು. ಈಗ ಸುಂಯ್.
ಬಾಗಿಲ ರಬ್ಬರು ಒಣಗಿದ ಬದನೆಯ ಸಿಪ್ಪೆ:
ಒಂದು ನೋಟು ಸಿಕ್ಕಿಸಿ ಬಾಗಿಲು ಹಾಕಿ ಎಳೆದರೆ
ಸಾಲ ತೀರಿದಂತೆ ಸಲೀಸಾಗಿ ಬಂತು.
ಎಂಜಿನ್ ಗೋಡೆಯಲ್ಲಿ ಹೆಬ್ಬೆರಳಗಲ ತೂತು,
ಯಾರೋ ರೇಡಿಯೋ ತಂತಿ ಎಳೆದು ಮುಚ್ಚದೆ ಬಿಟ್ಟದ್ದು.
ಇಷ್ಟು ದೊಡ್ಡ ಕಾರು, ಇಷ್ಟೇ ತೂತು;
ಮನೆ ಮುರಿಯುವುದಕ್ಕೆ ಎಷ್ಟು ಬೇಕು.

ಕಾರ್ಪೆಟ್ ಎತ್ತಿದೆವು. ಒದ್ದೆ ಫೆಲ್ಟು,
ಅದರಲ್ಲಿ ಇಲಿಯ ಗೂಡು, ಖಾಲಿ:
ಆಸ್ಪತ್ರೆ ಹತ್ತಿ, ಕುರಿ ಉಣ್ಣೆ,
ಮಗುವಿನ ಕೈಗೆ ಕಟ್ಟುವ ಚೀಟಿಯೊಂದರ ಚೂರು.
ರವಿರಿ ಅದನ್ನು ಎಸೆಯಲಿಲ್ಲ.
ಡಾಂಬರಿನ ಹಾಳೆ ಕಾಯಿಸಿ, ತಗಡಿಗೆ ಒತ್ತಿ ಅಂಟಿಸಿದೆವು;
ಬೆರಳಲ್ಲಿ ತಟ್ಟಿದರೆ ಟಣ್ ಅನ್ನುತ್ತಿದ್ದ ನೆಲ
ಈಗ ಹಲಗೆಯ ಹಾಗೆ ಟಪ್ ಅಂದಿತು.

ಮತ್ತೆ ಓಡಿಸಿದೆವು. ಉಳಿದಿತ್ತು
ಒಂದು ದಪ್ಪ, ದೂರದ ಗುಡುಗುಡು.
ವಿಂಟನ್ ದಾಟಿದ ಮೇಲೆ, ಸೇತುವೆಯ ಮೇಲೆ ಮಾತ್ರ
ಹೊಸ ನುಣುಪು ಟಾರು, ಇಪ್ಪತ್ತು ಗಜ:
ತಟ್ಟನೆ ಯಾರೋ ಬಾಯಿಗೆ ಕೈ ಅಡ್ಡ ಹಿಡಿದಂತೆ,
ಆಮೇಲೆ ಮತ್ತೆ ಗುಡುಗುಡು.
ರವಿರಿ ನಕ್ಕ. ರೋಗ ಕಾರಿಗಲ್ಲ, ರಸ್ತೆಗೆ.
ಬಿಸಿ ಟಾರಿನ ಮೇಲೆ ದಪ್ಪ ಜಲ್ಲಿ ಚೆಲ್ಲಿ,
ಮಿಕ್ಕದ್ದನ್ನು ಗಾಡಿಗಳೇ ತುಳಿದುಕೊಳ್ಳಲಿ ಎಂದು
ಬಿಟ್ಟುಹೋದ ರಸ್ತೆ. ಅದಕ್ಕೆ ನನ್ನ ಬಳಿ ಸ್ಪ್ಯಾನರ್ ಇಲ್ಲ.

ಬೇಲಿಯ ಪಕ್ಕ ನಿಲ್ಲಿಸಿ ಎಂಜಿನ್ ಆರಿಸಿದೆ,
ಇನ್ನೇನಾದರೂ ಉಳಿದಿದೆಯೇ ನೋಡಲು.
ಉಳಿದಿತ್ತು. ಸಣ್ಣಗೆ, ಎತ್ತರದಲ್ಲಿ, ಬಿಡದೆ, ಜೀ...
ಡ್ಯಾಶ್‌ಬೋರ್ಡಿಗೆ ಕಿವಿಯಿಟ್ಟೆ, ಕಿಟಕಿಗೆ ಇಟ್ಟೆ.
ನಿನಗೆ ಕೇಳಿಸುತ್ತಿದೆಯಾ? ಎಂದೆ.
ಇಲ್ಲ, ಎಂದ ರವಿರಿ. ಏನೂ ಇಲ್ಲ.
ಮೂವತ್ತೊಂದು ವರ್ಷದ ಕಂಪ್ರೆಸರು, ಗ್ರೈಂಡರು, ಸುತ್ತಿಗೆ;
ನಾನೆಲ್ಲಿ ಕೂತರೂ ನನ್ನ ಜೊತೆಗೇ ಕೂರುತ್ತಿತ್ತು,
ಇಷ್ಟು ಮೌನದ ಕಾರು ಸಿಗುವವರೆಗೆ ಕಾದಿತ್ತು.

ಬಿಲ್ಲಿನಲ್ಲಿ ಅದನ್ನು ಬರೆಯಲಿಲ್ಲ.
ಐಲ್ಸಾ ದುಡ್ಡು ಎಣಿಸಿ ಕೊಟ್ಟು ಕೇಳಿದಳು:
ಈಗ ಉಸಿರು ಕೇಳಿಸುತ್ತದಾ?
ಹಿಂದೆ ರವಿರಿಯನ್ನು ಕೂರಿಸಿ ನೋಡಿದೆ, ಅಂದೆ,
ಅವನ ಮೂಗು ಕಟ್ಟಿದೆ,
ಎಡಗಡೆಯ ಹೊಳ್ಳೆ.