ಕುಂಡದೊಳಗಿನ ಪಾಳಿ

ಕಾಡು ಕಾಯುವ ಫಿಲ್ಯೊ ಕೊಟ್ಟದ್ದು ಒಂಬತ್ತೇ ಬೀಜ,
ಸಿಗರೇಟಿನ ಬೆಳ್ಳಿಹಾಳೆಯಲ್ಲಿ ಮಡಚಿ.
ಮೀನಿನ ಪೊರೆಯಷ್ಟು ತೆಳು, ಉಸಿರು ತಾಗಿದರೆ ಹಾರುವಂಥವು.
"ಈ ರೊಡೋಪಿ ಬೆಟ್ಟ ಬಿಟ್ಟರೆ ಈ ಲಿಲ್ಲಿಗೆ ಬೇರೆ ಮನೆಯಿಲ್ಲ,
ಹುಷಾರು" ಅಂದ.
ಮೂರು ಸಲ ಅಂದ,
ಮಗಳನ್ನು ಒಪ್ಪಿಸಿಕೊಡುವ ಅಪ್ಪನ ಹಾಗೆ.

ಮೊಸರಿನ ಹಳೇ ಬಕೆಟ್ಟಿನ ತಳಕ್ಕೆ ಮೊಳೆಯಲ್ಲಿ ತೂತು,
ಬೀಚ್ ಮರದ ಕೊಳೆತ ಎಲೆ, ಹೊಳೆಯ ಮರಳು, ಸುಣ್ಣಕಲ್ಲ ಚೂರು.
ನೀರು ನಿಲ್ಲಬಾರದು, ಒಣಗಲೂ ಬಾರದು:
ಅತ್ತೆಮನೆಯಲ್ಲಿ ಹೊಸ ಸೊಸೆ ಇರಬೇಕಾದ ಹದ.

ಆ ವಸಂತ ಏನೂ ಬರಲಿಲ್ಲ.
ಪಾಚಿ ಬಂತು. ಪುದೀನ ಬಂತು.
ಯಾವುದೋ ಹಕ್ಕಿ ಉಗಿದ ಚೆರ್ರಿಯೂ ಎರಡೆಲೆ ಬಿಟ್ಟಿತು.
ಅಕ್ಟೋಬರಿನಲ್ಲಿ ಬಕೆಟ್ಟು ಎತ್ತಿ ತಿಪ್ಪೆಗೆ ಸುರಿಯಲು ಹೊರಟೆ.
ಬಾಗಿಲಲ್ಲಿ ಮನೊಲ್ ಅಡ್ಡ ನಿಂತ.

ನನ್ನ ಗಂಡ ಇಪ್ಪತ್ತೆಂಟು ವರುಷ ಸೀಸದ ಗಣಿಯವನು.
ಮಾತು ಕಡಿಮೆ; ಇದ್ದದ್ದೂ ಕೆಮ್ಮಿನ ಸಂದಿಯಲ್ಲಿ.
"ನಾನು ಒಳಗಿದ್ದಾಗ ಮೇಲೆ ನಿಂತು ನೋಡಿದ್ದರೆ
ನಿನಗೇನು ಕಾಣುತ್ತಿತ್ತು? ಹುಲ್ಲು. ಒಂದು ಕತ್ತೆ."
ಬಕೆಟ್ಟು ಇಸಿದುಕೊಂಡು ಬೆರಳಲ್ಲಿ ಅಂಚಿನ ಮಣ್ಣು ಕೆದಕಿದ.
ಇತ್ತು.
ಅಕ್ಕಿಕಾಳಿಗಿಂತ ಸಣ್ಣದು, ಹಾಲುಹಲ್ಲಿನ ಬಿಳುಪು,
ಒಂದು ಗಡ್ಡೆ.
ಎಲೆಯಿಲ್ಲ, ಬೆಳಕಿನ ಗುರುತಿಲ್ಲ,
ತನ್ನ ಪಾಡಿಗೆ ತಾನು ಪಾಳಿ ಮುಗಿಸಿ ಮಲಗಿತ್ತು.
ಮುಚ್ಚಿದ. ಆ ರಾತ್ರಿ ಕೈ ತೊಳೆಯದೇ ಊಟಕ್ಕೆ ಕೂತ.

ಎರಡನೆಯ ವರುಷ ತಲಾ ಒಂದೆಲೆ. ಎಣಿಸಿದೆ, ಆರು.
ಮೂರನೆಯ ವರುಷ ಹೊಲದಿಲಿ ಬಂದು ಹೋಯಿತು; ಉಳಿದದ್ದು ಎರಡು.
ಪೇರುಮರದ ಅರೆನೆರಳಿಗೆ ಇಳಿಸಿ ನೆಟ್ಟೆ.
ಆಮೇಲೆ ಬಸವನಹುಳು, ನಡುರಾತ್ರಿ ಟಾರ್ಚು ಹಿಡಿದು ಹೆಕ್ಕಿದ್ದು.
ಆಮೇಲೆ ಕೆಂಪು ಜೀರುಂಡೆ:
ಮುಟ್ಟಿದರೆ ಸತ್ತಂತೆ ಅಂಗಾತ ಉದುರಿ
ಹೊಟ್ಟೆಯ ಕಪ್ಪನ್ನು ಮಣ್ಣಿಗೆ ಬೆರೆಸಿ ಮಾಯವಾಗುವ ಕಳ್ಳ.
ಅದರ ಮರಿಗಳೋ, ತಮ್ಮ ಹೇಲನ್ನೇ ಹೊದ್ದುಕೊಂಡು ಎಲೆ ಮೇಯುತ್ತವೆ!
ಮದುವೆಯಲ್ಲಿ ಬಂದ ಬಿಳಿ ತಟ್ಟೆ ಕೆಳಗೆ ಹಿಡಿದು
ಮೇಲಿನಿಂದ ತಟ್ಟುವುದು ಕಲಿತೆ.

ಆರನೆಯ ವರುಷ ಮೊಗ್ಗು.
ಒಂದೇ ಒಂದು. ಕಿರುಬೆರಳುದ್ದ, ಹಸಿರು, ತಲೆ ತಗ್ಗಿಸಿದ್ದು.
ಮೇ ತಿಂಗಳು ಪೂರಾ ನಾನು ಬೇರೆ ಯಾರ ಮುಖವನ್ನೂ
ನೆಟ್ಟಗೆ ನೋಡಲಿಲ್ಲ.

ಜೂನ್ ನಾಲ್ಕರ ಬೆಳಿಗ್ಗೆ ಅದನ್ನು ಹಾತಿಜೆಯ ಆಡು ತಿಂದಿತು.

ನಾನು ಆಡಿದ ಮಾತು ಇಲ್ಲಿ ಬರೆಯುವಂಥದಲ್ಲ.
ಮಸೀದಿಗೂ ಕೇಳಿಸಿತಂತೆ, ಇಗರ್ಜಿಗೂ ಕೇಳಿಸಿತಂತೆ.
ಹಾತಿಜೆ ಒಂದಕ್ಕೂ ಎದುರಾಡಲಿಲ್ಲ.
ಅಂದಿನಿಂದ ಪ್ರತಿ ಶುಕ್ರವಾರ
ಆ ಆಡಿನದೇ ಹಾಲಿನ ಚೀಸು, ಒಂದು ಬೋಗುಣಿ, ಗೋಡೆಯ ಮೇಲೆ.
ಹದಿನೇಳು ಶುಕ್ರವಾರ ಮಾತು ಬಿಟ್ಟೆ, ಚೀಸು ಬಿಡಲಿಲ್ಲ.
ಹದಿನೆಂಟನೆಯದಕ್ಕೆ
ಬೋಗುಣಿ ಬರಿದೇ ಮರಳಿಸಲು ಕೈ ಬಾರದೆ ಅಕ್ರೋಟು ತುಂಬಿಟ್ಟೆ.

ಗಡ್ಡೆಗೆ ಇದೊಂದೂ ಗೊತ್ತಿಲ್ಲ.
ಅದು ಹಿಮದಡಿ ಮತ್ತೊಂದು ಪಾಳಿಗೆ ಇಳಿದಿತ್ತು.

ಈ ವರುಷ ಅರಳಿತು.
ನಿಂಬೆಹಳದಿ ಅಂದಿದ್ದ ಫಿಲ್ಯೊ. ಅಲ್ಲ,
ಸುರಂಗದ ಬಾಯಲ್ಲಿ ಮೊದಲು ಕಾಣುವ ತಲೆದೀಪದ ಹಳದಿ.
ಹಿಟ್ಟು ನಾದಲು ತೋಳು ಮಡಚಿದ ಹಾಗೆ
ದಳಗಳು ಹಿಂದಕ್ಕೆ ಸುರುಳಿ,
ಒಳಗೆ ಆರು ಕೇಸರ, ಇಟ್ಟಿಗೆಗೆಂಪಿನ ಹುಡಿ.

ಮನೊಲ್ ಬಂದು ಬಗ್ಗಿದ.
ಅವನ ಮೂಗನ್ನು ಗಣಿ ಎಂದೋ ತನಗಿಟ್ಟುಕೊಂಡಿದೆ;
ಸೀದ ಹಾಲೂ ಗುಲಾಬಿಯೂ ಅವನಿಗೆ ಒಂದೇ.
"ಹೇಗಿದೆ ವಾಸನೆ?"

ಏಳು ವರುಷ. ಏನಂತ ಹೇಳಲಿ?
ನೆನೆದ ಕುರಿಯುಣ್ಣೆ. ಕೊಳೆಯಲು ಹತ್ತಿದ ಕರ್ಬೂಜ.
"ಕೆಟ್ಟದು," ಅಂದೆ. "ಬಹಳ ಕೆಟ್ಟದು, ಮನೊಲ್."
ನಕ್ಕ, ಕೆಮ್ಮಿದ, ಮತ್ತೆ ನಕ್ಕ.
"ಹಾಗಾದರೆ ಲಾಭ ನನಗೇ" ಅಂದು
ಮುಖವನ್ನು ಪೂರಾ ಹೂವಿನೊಳಗೆ ಇಟ್ಟ. ತುಂಬ ಹೊತ್ತು.

ಮೂಗಿನ ತುದಿಗೆ ಕೆಂಪು ಹುಡಿ ಮೆತ್ತಿಕೊಂಡೇ
ಕಾಫಿ ಅಂಗಡಿಗೆ ಹೊರಟ, ಕೋಲೂರಿಕೊಂಡು, ಇಡೀ ಬೀದಿಯುದ್ದ.
ನಾನು ಹೇಳಲಿಲ್ಲ.
ಹಾತಿಜೆ ಆಡಿನ ಹಗ್ಗ ಹಿಡಿದು ಬೇಲಿಯಾಚೆ ನಿಂತಿದ್ದಳು.
ಅವಳೂ ಹೇಳಲಿಲ್ಲ.