ಹತ್ತಕ್ಕೆ ಕಾಲು

ಒಂದೇ ಬ್ಯಾಟರಿ, ಮೂರು ಮೀಟರು, ಮೂರು ಮಾತು.
ಹೊಸದೊಂದು ಹನ್ನೆರಡೂವರೆ ಅನ್ನುತ್ತದೆ,
ಇನ್ನೊಂದು ಅದಕ್ಕಿಂತ ಚೂರು ಹೆಚ್ಚು.
ಹಳೆಯ ಮುಳ್ಳಿನದು ಮಾತ್ರ ಹನ್ನೆರಡು ದಾಟಿ
ಏದುಸಿರು ಬಿಟ್ಟು ಕೂರುತ್ತದೆ.
ಗುಲಗಂಜಿಗೆ ತನ್ನ ಬೆನ್ನ ಕಪ್ಪು ಕಾಣದಂತೆ.
ಪಂಚಾಯ್ತಿ ಮಾಡುವವರು ಯಾರು?

ಅಂಚೆಯಲ್ಲಿ ಬಂತು, ಬೆಂಕಿಪೊಟ್ಟಣದಷ್ಟು ಹಸಿರು ಬೋರ್ಡು,
ನಾನೂರ ಇಪ್ಪತ್ತು ರೂಪಾಯಿ.
ಜೊತೆಗೊಂದು ಚೀಟಿ, ಯಾರದೋ ಗುಂಡನೆ ಕೈಬರಹ:
ಹತ್ತು ವೋಲ್ಟು, ಮೇಲೆ ಮೂರು ಸಾವಿರದಲ್ಲೊಂದಂಶ,
ಇಪ್ಪತ್ತೈದು ಡಿಗ್ರಿಯಲ್ಲಿ.
ಏಪ್ರಿಲ್ಲಿನ ದಾವಣಗೆರೆಯಲ್ಲಿ
ಇಪ್ಪತ್ತೈದು ಡಿಗ್ರಿ ಎಲ್ಲಿಂದ ತರಲಿ?

ನಸುಕಿನ ಐದಕ್ಕೆದ್ದು ಫ್ಯಾನು ಆರಿಸಿದೆ.
ಭಟ್ಟಿಗಳ ಕಡೆಯಿಂದ ಆಗಲೇ ಮಂಡಕ್ಕಿಯ ಹೊಗೆ.
ಗೋಡೆಯ ಪಾದರಸ ಇಪ್ಪತ್ತಾರು. ಇರಲಿ, ಅಷ್ಟಾದರೂ ಕೊಟ್ಟಿತಲ್ಲ.
ಬೋರ್ಡಿಗೆ ಕರೆಂಟು ಕೊಟ್ಟು ಅರ್ಧ ಗಂಟೆ ಬಿಟ್ಟೆ,
ಹೆಪ್ಪು ಹಾಕಿದ ಹಾಲಿನ ಹಾಗೆ,
ಮುಟ್ಟದೆ, ಅಲುಗಿಸದೆ.

ಹೊಸವೆರಡೂ ಕೂದಲೆಳೆಯಷ್ಟು ಆಚೀಚೆ.
ಮುಳ್ಳು ಒಂಬತ್ತೂ ಮುಕ್ಕಾಲಿಗೆ ನಿಂತಿತು.
ತಂತಿ ಒರೆಸಿ ಮತ್ತೆ ಚುಚ್ಚಿದೆ.
ಒಂಬತ್ತೂ ಮುಕ್ಕಾಲು.

ದಾದಾಪೀರ್ ಉಸ್ತಾದರ ಮೀಟರು.
ಕಣ್ಣು ಮಸುಕಾದ ವರ್ಷ ಕೈಗಿಟ್ಟು ಅಂದಿದ್ದರು:
"ತಗೋ ಕೊಟ್ರವ್ವಾ, ಸುಳ್ಳು ಹೇಳ್ತದೆ ಇದು.
ಆದ್ರೆ ಯಾವಾಗ್ಲೂ ಒಂದೇ ಸುಳ್ಳು."
ನಕ್ಕಿದ್ದೆ.
ವರ್ಷಕ್ಕೊಮ್ಮೆ ಇದನ್ನು ಟವೆಲಿನಲ್ಲಿ ಸುತ್ತಿ ಸೈಕಲ್ಲಿಗೆ ಕಟ್ಟಿ
ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿಗೆ ಹೋಗುತ್ತಿದ್ದರು;
ಅಟೆಂಡರ್ ಗೆಳೆಯನ ಜೊತೆ ಹರಟೆಗೆ ಅಂತ
ಅದಕ್ಕೂ ನಕ್ಕಿದ್ದೆವು.

ತಿರುವಿ ಹಾಕಿದೆ. ಬೆನ್ನಿಗೆ ಅಂಟಿಸಿದ ಕಾಗದದ ಪಟ್ಟಿ,
ಮಾಸಿದ ಸೀಸಕಡ್ಡಿ: ಹತ್ತಕ್ಕೆ ಕಾಲು.
ಇಷ್ಟು ವರ್ಷ ಯಾವುದೋ ಚಹಾದ ಬಾಕಿ ಅಂದುಕೊಂಡಿದ್ದೆ.

ಹನ್ನೊಂದು ವರ್ಷ ಈ ಮುಳ್ಳು ನೋಡಿ
ಬ್ಯಾಟರಿಗಳ ಸಾವು ಸಾರಿದ್ದೇನೆ.
ಪಕ್ಕದ ಹೊಲಿಗೆ ಅಂಗಡಿಯ ರಹಮತ್‌ಬಿಯದು,
"ಹೋಯ್ತಮ್ಮಾ" ಅಂದಿದ್ದೆ, ವೈದ್ಯರ ದನಿಯಲ್ಲಿ.
ಅವಳು ಚೀಟಿ ಎತ್ತಿ ಹೊಸದು ತಂದಳು.
ಹಳೆಯದನ್ನು ಗುಜರಿಗೆ ಕೊಟ್ಟವಳು ನಾನೇ.

ತಿರುಪಿಗೆ ಸ್ಕ್ರೂಡ್ರೈವರ್ ಇಟ್ಟೆ.
ತೆಗೆದೆ.
ಸೀಸಕಡ್ಡಿ ಚೂಪು ಮಾಡಿ
ಅವರ ಅಕ್ಷರದ ಮೇಲೆ ನನ್ನ ಕೈ ತಿದ್ದಿತು.

ಏಳೂವರೆಗೆ ಪಕ್ಕದ ಶಟರ್ ಕರಕರ ಎದ್ದಿತು.
"ಚಾ ಆಯ್ತೇನೇ?"
ಇಲ್ಲ ರಹಮತ್‌ಬಿ. ಬಾ, ಕೂತುಕೋ.
ಒಂದು ಬಾಕಿ ಇದೆ.